ಪಂಚಾಕ್ಷರಪ್ಪ ಮೇಷ್ಟ್ರಿಗೆ ಬಂದ ಬಿಕ್ಕಳಿಕೆ

ಆ ಊರಿನ ಹೆಸರು ಹೇಳು ಎಂದು ನೀವು ಎಷ್ಟೇ ಪೀಡಿಸಿದರೂ ನಾನು ಹೇಳುವುದಿಲ್ಲ. ಹೇಳಿದರೆ ನೀವು ಹೋಗುತ್ತೀರಿ, ಹೋದರೆ ನಿಮ್ಮ ಬಾಯಿ ಸುಮ್ಮನಿರುವುದಿಲ್ಲ, ಆಮೇಲೆ ಬಂದು ನನ್ನನ್ನೇ ಬೈಯುತ್ತೀರಿ. ನಕ್ಷೆಯಲ್ಲಿ ಹುಡುಕಿಯೂ ಪ್ರಯೋಜನವಿಲ್ಲ. ನಕ್ಷೆ ಬರೆಯುವವರು ಒಮ್ಮೆ ಅಲ್ಲಿಗೆ ಹೋಗಿದ್ದರಂತೆ, ಅರ್ಧ ದಿನಕ್ಕೇ ಬಿಕ್ಕುತ್ತಾ ವಾಪಸು ಬಂದರಂತೆ. ಇದು ನಾನು ಕಂಡದ್ದಲ್ಲ, ಕೇಳಿದ್ದು. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಹೀಗೆ ಬಿಡಿಸಿ ಹೇಳುವ ಚಟ ನನಗೆ ಅಂಟಿಕೊಂಡಿದ್ದೂ ಆ ಊರಿನಿಂದಲೇ.

ನಾನಾಗ ಟಿ.ಸಿ.ಎಚ್. ಎರಡನೆಯ ವರ್ಷದಲ್ಲಿದ್ದೆ. ಮಕ್ಕಳಿಗೆ ಪಾಠ ಹೇಳುವುದನ್ನು ಕಲಿಯುತ್ತಿದ್ದ ನಾವು ಮೂವತ್ತೊಂದು ಜನ ಒಂದು ಶುಕ್ರವಾರ ಶೈಕ್ಷಣಿಕ ಪ್ರವಾಸಕ್ಕೆಂದು ಬಸ್ಸು ಹತ್ತಿದೆವು. ಬೆಳಿಗ್ಗೆ ವಸ್ತುಸಂಗ್ರಹಾಲಯ, ಆಮೇಲೆ ಸೀಮೆಸುಣ್ಣದ ಕಾರ್ಖಾನೆ, ಊಟವಾದ ಮೇಲೆ ಅಲ್ಲಿನ ಸರ್ಕಾರಿ ಶಾಲೆ, ಸಂಜೆ ಐದಕ್ಕೆ ವಾಪಸು. ನಮ್ಮನ್ನು ಕರೆದುಕೊಂಡು ಹೊರಟವರು ಪಂಚಾಕ್ಷರಪ್ಪ ಮೇಷ್ಟ್ರು. ಇಪ್ಪತ್ತೆಂಟು ವರ್ಷದಿಂದ ಅವರೇ ಪ್ರವಾಸ ನಡೆಸುತ್ತಿದ್ದರು, ಆ ಊರಿಗೆ ಮಾತ್ರ ಅದೇ ಮೊದಲ ಸಲ. ಬಿಳಿ ಪಂಚೆ, ಬೂದು ಬಣ್ಣದ ಕೋಟು, ಕೈಯಲ್ಲೊಂದು ಕೊಡೆ. ಅವರಿಗೆ ಗೊತ್ತಿಲ್ಲದ ಸಂಗತಿಯೇ ಇರಲಿಲ್ಲ. ದಾರಿಯಲ್ಲೊಂದು ಕಲ್ಲು ಕಂಡರೆ ಅದನ್ನು ಯಾವ ರಾಜ ನೆಟ್ಟ, ಯಾವ ವರ್ಷ ನೆಟ್ಟ, ಆ ರಾಜನ ಎಡಗಾಲಿಗೆ ಏನಾಗಿತ್ತು, ಎಲ್ಲಾ ಹೇಳುತ್ತಿದ್ದರು. ನಾವು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಮೇಷ್ಟ್ರಾದವರ ಬಾಯಿಂದ ಎರಡು ಮಾತು ಬರಬಾರದು ಎಂದು ಅವರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಒಂದು ಬೈಗುಳ, ಇನ್ನೊಂದು 'ಗೊತ್ತಿಲ್ಲ'. ಬೈಗುಳ ಬಂದರೆ ಮಕ್ಕಳು ಮರೆತಾರು, ಗೊತ್ತಿಲ್ಲ ಎಂದದ್ದನ್ನು ಮಾತ್ರ ಮರೆಯುವುದಿಲ್ಲ ಎಂದಿದ್ದರು.

ಈಗ ನನ್ನ ವಿಷಯವನ್ನೂ ಹೇಳಿಬಿಡಬೇಕು. ನನ್ನ ಹೆಸರು ಚೆನ್ನಾಜಿ. ಕಾಲೇಜಿಗೆ ಸೇರುವ ಮುಂಚೆ ಸೋದರಮಾವನ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದೆ. ಮಾವನಿಗೆ ನನ್ನನ್ನು ಮುಂದೆ ಓದಿಸುವ ಮನಸ್ಸಿರಲಿಲ್ಲ. ಕೋಟು ಸರಿಮಾಡಿಸಲು ಬಂದ ಪಂಚಾಕ್ಷರಪ್ಪ ಮೇಷ್ಟ್ರು ನನ್ನ ಜೊತೆ ಅರ್ಧ ಗಂಟೆ ಮಾತಾಡಿ, ಮಾವನ ಕಡೆ ತಿರುಗಿ, "ಈ ಹುಡುಗಿ ಒಳ್ಳೇ ಟೀಚರ್ ಆಗ್ತಾಳೆ. ನನ್ನ ಮಾತು ಬರೆದಿಟ್ಕೊಳ್ಳಿ" ಎಂದಿದ್ದರು. ಮಾವ ನಿಜಕ್ಕೂ ಅಳತೆ ಪುಸ್ತಕದಲ್ಲಿ ಬರೆದಿಟ್ಟುಕೊಂಡ. ಆ ಒಂದು ಮಾತನ್ನು ನೆಚ್ಚಿಕೊಂಡು ನಾನು ಎರಡು ವರ್ಷ ಓದಿದ್ದೆ. ಆದರೆ ಹೋದ ತಿಂಗಳು ನಾಲ್ಕನೇ ಕ್ಲಾಸಿಗೆ ಅಭ್ಯಾಸ ಪಾಠ ಮಾಡಲು ಹೋದವಳು ಅರ್ಧಕ್ಕೇ ಓಡಿಬಂದೆ. ಮಳೆಯ ಪಾಠ. ಒಂದು ಮಗು ಎದ್ದುನಿಂತು, "ಮಿಸ್, ಮೋಡ ಅಷ್ಟೊಂದು ನೀರು ಹೊತ್ಕೊಂಡಿದ್ರೂ ಯಾಕೆ ಬೀಳಲ್ಲ?" ಎಂದು ಕೇಳಿತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಹಾಗೂ ಇರಲಿಲ್ಲ. ಸೀಮೆಸುಣ್ಣ ಕೈಯಲ್ಲೇ ಬೆವೆತು ಒದ್ದೆಯಾಯಿತು. ನಲವತ್ತು ಮಕ್ಕಳು ನನ್ನ ಬಾಯನ್ನೇ ನೋಡುತ್ತಿದ್ದವು. ನಾನು ಬಾಗಿಲ ಕಡೆ ನಡೆದೆ, ಅಷ್ಟೇ.

ಸೋಮವಾರ ಹತ್ತೂವರೆಗೆ ಅದೇ ಕ್ಲಾಸಿಗೆ ಅದೇ ಪಾಠ ಮತ್ತೆ ಮಾಡಬೇಕಿತ್ತು. ಅದೂ ಕೆಟ್ಟರೆ ಆ ವರ್ಷ ಪಾಸಾಗುವುದಿಲ್ಲ. ಕೆಡುವ ತನಕ ಕಾಯುವುದು ಯಾಕೆ ಎಂದು ನಾನೇ ಕಾಲೇಜು ಬಿಡುತ್ತೇನೆಂದು ಪ್ರಿನ್ಸಿಪಾಲರಿಗೆ ಒಂದು ಕಾಗದ ಬರೆದು ಬ್ಯಾಗಿನಲ್ಲಿ ಅವಲಕ್ಕಿ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದೆ. ಪ್ರವಾಸದಲ್ಲಿ ಮೇಷ್ಟ್ರಿಗೆ ಕೊಡುವುದು, ಅವರು ಪ್ರಿನ್ಸಿಪಾಲರಿಗೆ ತಲುಪಿಸಲಿ ಎಂಬುದು ನನ್ನ ಲೆಕ್ಕಾಚಾರ. ಕೊಡುವ ಮುಂಚೆ ಅವರು ಇನ್ನೊಂದು ಸಲ, ಒಂದೇ ಒಂದು ಸಲ, ನೀನು ಒಳ್ಳೇ ಟೀಚರ್ ಆಗ್ತೀಯ ಎಂದರೆ ಹರಿದುಹಾಕುವುದು ಎಂಬ ಆಸೆಯೂ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಊರಿನ ಗಡಿಗೆ ಒಂದು ಕಲ್ಲು ನೆಟ್ಟಿದ್ದಾರೆ. ಅದನ್ನು ದಾಟಿದರೆ ಊರ ಬಾಗಿಲು, ಪಕ್ಕದಲ್ಲೊಂದು ಟೀ ಅಂಗಡಿ. ಬಸ್ಸು ನಿಂತದ್ದೇ ತಡ ಮೇಷ್ಟ್ರು ಕೊಡೆಯನ್ನು ಬಾಗಿಲ ಕಡೆ ಚಾಚಿ, "ಇದನ್ನು ಕಟ್ಟಿಸಿದವನು ಒಬ್ಬ ಪಾಳೇಗಾರ. ಹದಿನಾರನೇ ಶತಮಾನದ ಕೊನೆ ಭಾಗ" ಎಂದರು. ಎಂದವರು ಬಿಕ್ಕಿದರು. ಸಾವರಿಸಿಕೊಂಡು, "ಶತ್ರುಗಳ ಆನೆ ಒಳಗೆ ಬರಬಾರದು ಅಂತ ಎತ್ತರ ಕಡಿಮೆ ಮಾಡಿಸಿದ್ದ" ಎಂದರು. ಮತ್ತೆ ಬಿಕ್ಕಿದರು, ಈ ಸಲ ಕೊಡೆ ಸಮೇತ ಅಲ್ಲಾಡುವಷ್ಟು ಜೋರಾಗಿ. ನಮ್ಮ ಕಡೆ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುತ್ತಾರಲ್ಲ. ನಮ್ಮ ಕ್ಲಾಸಿನ ತರಲೆ ತಿಪ್ಪೇಶಿ ಹಿಂದಿನಿಂದ, "ಸಾರ್, ಮನೇಲಿ ಅಮ್ಮಾವ್ರು ನೆನೆಸ್ಕೋತಿದಾರೆ" ಎಂದ. ಅವನಿಗೂ ಬಿಕ್ಕಳಿಕೆ ಹತ್ತಿತು.

ಟೀ ಅಂಗಡಿಯವನು ಹಾಲು ಕಾಯಿಸುತ್ತಾ ಇದನ್ನೆಲ್ಲ ನೋಡುತ್ತಿದ್ದ. ಇಂಥದ್ದನ್ನು ದಿನಾ ನೋಡಿದವನ ಮುಖ ಅವನದು. "ಅಮ್ಮಾವ್ರು ನೆನೆಸ್ಕೊಂಡಿದ್ದು ನಿಂಗೆ ಗೊತ್ತೇನಪ್ಪ?" ಎಂದು ತಿಪ್ಪೇಶಿಯನ್ನು ಕೇಳಿದ.

"ಗೊತ್ತಿಲ್ಲ" ಎಂದ ತಿಪ್ಪೇಶಿ. ಅವನ ಬಿಕ್ಕಳಿಕೆ ನಿಂತುಹೋಯಿತು.

"ಇಷ್ಟೇ. ಇಲ್ಲಿ ಗೊತ್ತಿಲ್ದೇ ಇರೋದನ್ನ ಗೊತ್ತಿರೋರ ಥರ ಹೇಳಿದ್ರೆ ಬರುತ್ತೆ. ಗೊತ್ತಿಲ್ಲ ಅಂದ್ರೆ ಹೋಗುತ್ತೆ. ಸ್ವಾಮಿ, ನೀವೂ ಅಂದ್ಬಿಡಿ" ಎಂದು ಮೇಷ್ಟ್ರಿಗೆ ಹೇಳಿದ. "ಒಂದೇ ಒಂದು. ಬಿಕ್ಕಳಿಕೆ ಇಟ್ಕೊಂಡು ಗಡಿಕಲ್ಲು ಮಾತ್ರ ದಾಟಬೇಡಿ. ನಮ್ಮಪ್ಪನ ಕಾಲದಲ್ಲಿ ಒಬ್ಬರು ದಾಟಿದ್ರು. ಸಾಯೋವರೆಗೂ ಬಿಕ್ತಾನೇ ಇದ್ರು."

ಮೇಷ್ಟ್ರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಬಿಸಿಲು. ನೀರು ಕುಡಿದರೆ ಸರಿಹೋಗುತ್ತೆ" ಎಂದರು. ಬಿಕ್ಕಿದರು. ನಾಲ್ಕು ಲೋಟ ನೀರು ಕುಡಿದರು. ಸಕ್ಕರೆ ತಿಂದರು. ಮೂಗು ಹಿಡಿದುಕೊಂಡು ನಿಂತರು. ಹಿಂದಿನಿಂದ ಬಂದು ಹೆದರಿಸು ಎಂದು ತಿಪ್ಪೇಶಿಗೆ ಅಪ್ಪಣೆ ಕೊಟ್ಟರು. ಅವನು ಸಿಕ್ಕಿದ್ದೇ ಅವಕಾಶ ಎಂದು ಕಿವಿಯ ಹತ್ತಿರ ಕಿರುಚಿದ. ಮೇಷ್ಟ್ರು ಬೆಚ್ಚಿದರು, ಬೆಚ್ಚಿ ಬಿಕ್ಕಿದರು. ಗೊತ್ತಿಲ್ಲ ಎಂದು ಮಾತ್ರ ಹೇಳಲಿಲ್ಲ.

ಅಲ್ಲಿಂದ ವಸ್ತುಸಂಗ್ರಹಾಲಯಕ್ಕೆ ಪೇಟೆ ಬೀದಿಯಲ್ಲಿ ನಡೆದು ಹೋದೆವು. ನಾನು ಅಷ್ಟು ನಿಶ್ಶಬ್ದದ ಪೇಟೆಯನ್ನು ಕಂಡೇ ಇರಲಿಲ್ಲ. ಕ್ಷೌರದ ಅಂಗಡಿಯಲ್ಲಿ ಹತ್ತು ಜನ ಕೂತಿದ್ದರೂ ಕತ್ತರಿಯ ಸದ್ದು ಬೀದಿಗೆ ಕೇಳುತ್ತಿತ್ತು. ಪೇಪರ್ ಓದುತ್ತಿದ್ದವರೂ ಓದಿ ಮಡಿಸಿ ಪಕ್ಕದವರಿಗೆ ಕೊಡುತ್ತಿದ್ದರೇ ಹೊರತು ಸರ್ಕಾರ ಹೇಗೆ ನಡೆಸಬೇಕೆಂದು ಹೇಳುತ್ತಿರಲಿಲ್ಲ. ಆಸ್ಪತ್ರೆಯ ಬೋರ್ಡಿನಲ್ಲಿ 'ಡಾಕ್ಟರು ಒಳಗಿದ್ದಾರೆ. ನೋಡುತ್ತಾರೆ. ಗೊತ್ತಾದರೆ ಹೇಳುತ್ತಾರೆ' ಎಂದು ಬರೆದಿತ್ತು. ಊರಿನ ಜ್ಯೋತಿಷಿ ಕವಡೆ ಕಟ್ಟಿಟ್ಟು ಈಗ ಕೊಡೆ ರಿಪೇರಿ ಮಾಡುತ್ತಿದ್ದ. ಟೈಲರ್ ಅಂಗಡಿಯ ಮುಂದೆ ನಾನು ಸ್ವಲ್ಪ ನಿಂತೆ, ಹಳೇ ಅಭ್ಯಾಸ. ಒಬ್ಬಳು, "ರವಿಕೆ ನಾಳೆ ಕೊಡ್ತೀಯೇನಪ್ಪ?" ಎಂದು ಕೇಳಿದಳು. ಟೈಲರು ಬಟ್ಟೆ ನೋಡಿದ, ಮೆಷಿನ್ನು ನೋಡಿದ, ಕ್ಯಾಲೆಂಡರ್ ನೋಡಿದ. "ಕೊಡ್ತೀನಿ" ಎಂದು ಹೇಳಿ ಬಾಯಿ ಮುಚ್ಚಿಕೊಂಡು ಕಾದ. ಬಿಕ್ಕಳಿಕೆ ಬರಲಿಲ್ಲ. ಅವಳು ನಂಬಿ ಹೊರಟುಹೋದಳು. ನನ್ನ ಮಾವ ಈ ಊರಿನಲ್ಲಿ ಅಂಗಡಿ ಇಟ್ಟಿದ್ದರೆ ಮೂರು ದಿನದಲ್ಲಿ ಕರುಳು ಬಾಯಿಗೆ ಬರುತ್ತಿತ್ತು.

ವಸ್ತುಸಂಗ್ರಹಾಲಯ ಎಂದರೆ ಮೂರು ಕೋಣೆ. ನೋಡಿಕೊಳ್ಳುತ್ತಿದ್ದವಳು ಹನುಮಕ್ಕ ಎಂಬ ದಪ್ಪನೆಯ ಹೆಂಗಸು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಒಂದೊಂದು ವಸ್ತುವಿನ ಕೆಳಗೂ ಅವಳದೇ ಕೈಬರಹದ ಚೀಟಿ. 'ಕತ್ತಿ. ಯಾರದೋ ಗೊತ್ತಿಲ್ಲ. ಹರಿತ ಇದೆ, ಮುಟ್ಟಬೇಡಿ.' 'ಮಡಕೆ. ಎಷ್ಟು ಹಳೇದೋ ಗೊತ್ತಿಲ್ಲ. ನಮ್ಮಜ್ಜಿ ಚಿಕ್ಕವಳಿದ್ದಾಗಲೂ ಹಳೇದೇ ಇತ್ತಂತೆ.' 'ಕಲ್ಲಿನ ಗೊಂಬೆ. ಗಂಡೋ ಹೆಣ್ಣೋ ಗೊತ್ತಿಲ್ಲ. ಮೂಗು ಮುರಿದದ್ದು ನಾನು, ಧೂಳು ಒರೆಸುವಾಗ. ಹನುಮಕ್ಕ.' ನಾನು ಅಲ್ಲಿಯವರೆಗೆ ಕಂಡ ವಸ್ತುಸಂಗ್ರಹಾಲಯಗಳಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಅದೊಂದೇ.

ಆದರೆ ಮೇಷ್ಟ್ರಿಗೆ ಸುಮ್ಮನಿರಲು ಆಗಬೇಕಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ. ಗೊಂಬೆಯ ಮುಂದೆ ನಿಂತು, "ಇದು ಯಕ್ಷಿ" ಎಂದರು, ಬಿಕ್ಕಿದರು. "ಯಕ್ಷ" ಎಂದು ತಿದ್ದಿದರು, ಬಿಕ್ಕಿದರು. ಹುಡುಗರಿಗೆ ಇದೊಂದು ಆಟವಾಯಿತು. ತಿಪ್ಪೇಶಿ ಮುಖ ಗಂಭೀರ ಮಾಡಿಕೊಂಡು, "ಸಾರ್, ಈ ಮಡಕೇಲಿ ಏನು ಬೇಯಿಸ್ತಿದ್ರು?" ಎಂದು ಕೇಳುವುದು, ಮೇಷ್ಟ್ರು, "ನವಣೆ" ಎಂದು ಬಿಕ್ಕುವುದು. "ಸಾರ್, ಈ ಕತ್ತೀಲಿ ಎಷ್ಟು ಜನ ಸತ್ತಿದ್ರು?" "ಹದಿನೇಳು", ಬಿಕ್. ಕ್ಲಾಸಿಗೆ ಕ್ಲಾಸೇ ಬಾಯಿಗೆ ಕರ್ಚೀಫು ಒತ್ತಿಕೊಂಡು ನಗುತ್ತಿತ್ತು. ನನಗೂ ಮೊದಮೊದಲು ನಗು ಬಂದದ್ದು ನಿಜ. ಆಮೇಲೆ ಕರ್ಚೀಫು ಕೆಳಗಿಳಿಸಿದೆ. ಇವರು ಇಷ್ಟು ವರ್ಷ ಹೇಳಿದ್ದರಲ್ಲಿ ನಿಜವಾಗಿ ಗೊತ್ತಿದ್ದು ಎಷ್ಟು? ನಮ್ಮ ನೋಟ್ ಬುಕ್ಕಿನ ರಾಜರ ಕಥೆ ಹಾಳಾಗಿ ಹೋಗಲಿ, ನನ್ನ ಮಾವನ ಅಳತೆ ಪುಸ್ತಕದಲ್ಲಿ ಬರೆದಿದ್ದ ಮಾತಿನ ಗತಿ ಏನು? ಅದನ್ನು ಇವರು ಈ ಊರಿನಲ್ಲಿ ಹೇಳಿದ್ದರೆ ಬಿಕ್ಕುತ್ತಿದ್ದರೋ ಇಲ್ಲವೋ?

ಹೊರಗೆ ಬಂದು ಹನುಮಕ್ಕನ ಹತ್ತಿರ ಮೆಲ್ಲಗೆ ಕೇಳಿದೆ. "ಅಕ್ಕ, ಹಾಗಾದ್ರೆ ಈ ಊರಲ್ಲಿ ಯಾರೂ ಸುಳ್ಳೇ ಹೇಳಲ್ವಾ?"

"ಅಯ್ಯೋ, ಧಾರಾಳವಾಗಿ ಹೇಳ್ತಾರೆ. ಸುಳ್ಳಿಗೆ ಬಿಕ್ಕಳಿಕೆ ಬರಲ್ಲ ಕಣಮ್ಮ. ಸುಳ್ಳು ಹೇಳೋನಿಗೆ ನಿಜ ಏನು ಅಂತ ಗೊತ್ತಿರುತ್ತಲ್ಲ" ಎಂದಳು ಹನುಮಕ್ಕ. "ನಿಮ್ ಮೇಷ್ಟ್ರು ಪಾಪ ಸುಳ್ಳುಗಾರರಲ್ಲ. ಅದೇ ಅವರ ಕಷ್ಟ."

ಸೀಮೆಸುಣ್ಣದ ಕಾರ್ಖಾನೆಗೆ ನಾವು ಒಂದು ಗಂಟೆ ಇಟ್ಟುಕೊಂಡಿದ್ದೆವು. ನಾಲ್ಕು ನಿಮಿಷಕ್ಕೆ ಮುಗಿಯಿತು. ಮಾಲೀಕ ತಲೆಯಿಂದ ಕಾಲಿನವರೆಗೆ ಬೆಳ್ಳಗಿದ್ದ. "ಮೂಟೇಲಿ ಪುಡಿ ಬರುತ್ತೆ. ನೀರು ಕಲಸ್ತೀನಿ. ಅಚ್ಚಿಗೆ ಸುರೀತೀನಿ. ಒಣಗಿಸ್ತೀನಿ. ಪುಡಿ ಎಲ್ಲಿಂದ ಬರುತ್ತೋ, ಯಾತರದ್ದೋ, ಗೊತ್ತಿಲ್ಲ. ಮುಗೀತು" ಎಂದ. ಮಿಕ್ಕ ಸಮಯವನ್ನು ತುಂಬಬೇಕೆಂದು ಮೇಷ್ಟ್ರು ಸೀಮೆಸುಣ್ಣದ ಇತಿಹಾಸ ಹೇಳಲು ಹೊರಟರು. ಒಂದು ವಾಕ್ಯಕ್ಕೆ ಮೂರು ಸಲ ಬಿಕ್ಕಿ, ಕೆಮ್ಮಿ, ಒಣಗಲು ಇಟ್ಟಿದ್ದ ಎರಡು ಹಲಗೆ ಸೀಮೆಸುಣ್ಣ ಉರುಳಿಸಿದರು. ಮಾಲೀಕ ಬಗ್ಗಿ ಒಂದೊಂದಾಗಿ ಆರಿಸಿಕೊಂಡ.

ಅಷ್ಟು ಹೊತ್ತಿಗೆ ನಮ್ಮ ಕ್ಲಾಸಿನ ಎಲ್ಲರಿಗೂ ಒಂದಲ್ಲ ಒಂದು ಸಲ ಬಿಕ್ಕಳಿಕೆ ಬಂದು, ಎಲ್ಲರೂ 'ಗೊತ್ತಿಲ್ಲ' ಎಂದು ಕಳಚಿಕೊಂಡಿದ್ದರು. ಬರದೇ ಇದ್ದವಳು ನಾನೊಬ್ಬಳೇ. ಆ ಹಾಳು ಮೋಡದ ದಿನದಿಂದ ಖಚಿತವಿಲ್ಲದ ಮಾತಿಗೆ ನಾನು ಬಾಯೇ ತೆರೆಯುತ್ತಿರಲಿಲ್ಲ. ನೋಡಿ, ನನಗೆ ಇದರಲ್ಲಿ ಸ್ವಲ್ಪ ಜಂಬವೂ ಬಂದಿತ್ತು.

ಕಾರ್ಖಾನೆಯ ಹಿಂದಿನ ಹೊಂಗೆ ಮರದ ಕೆಳಗೆ ಊಟಕ್ಕೆ ಕೂತೆವು. ತಿಪ್ಪೇಶಿ ಪೂರಿಯ ಮೇಲೆ ಪೂರಿ ಮುರಿಯುತ್ತಿದ್ದ. ಮೇಷ್ಟ್ರು ದೂರದಲ್ಲಿ ಒಂದು ಕಲ್ಲಿನ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದರು. ತುತ್ತು ಬಾಯಿಗಿಟ್ಟರೆ ಬಿಕ್ಕಳಿಕೆ ಅದನ್ನು ಹೊರಗೆ ತರುತ್ತಿತ್ತು. ನನಗೆ ನೋಡಲಾಗಲಿಲ್ಲ. ಅವಲಕ್ಕಿ ಡಬ್ಬಿ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಡಬ್ಬಿಯ ಜೊತೆ ಕಾಗದವೂ ಕೈಗೆ ಬಂತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. "ಸಾರ್, ಅಂದ್ಬಿಡಿ ಸಾರ್. ಇಲ್ಲಿ ಯಾರೂ ಇಲ್ಲ. ನಾನು ಕಿವಿ ಮುಚ್ಕೋತೀನಿ ಬೇಕಾದ್ರೆ" ಎಂದೆ.

"ನಾನು ಮೊದಲನೇ ವರ್ಷ ಮೇಷ್ಟ್ರಾಗಿದ್ದಾಗ" ಎಂದು ಬಿಕ್ಕುಗಳ ನಡುವೆ ಬಿಡಿಬಿಡಿಯಾಗಿ ಹೇಳಿದರು, "ಇನ್ಸ್‌ಪೆಕ್ಟರು ಬಂದ್ರು. ಹಕ್ಕಿ ಯಾವ ಕಾಲದಲ್ಲಿ ಗರಿ ಉದುರಿಸುತ್ತೆ ಅಂತ ಕೇಳಿದ್ರು. ಗೊತ್ತಿಲ್ಲ ಸ್ವಾಮಿ ಅಂದೆ. ಅವರು ಮಕ್ಕಳ ಕಡೆ ತಿರುಗಿ, ನಿಮ್ ಮೇಷ್ಟ್ರಿಗೆ ಗೊತ್ತಿಲ್ಲವಂತೆ, ಇನ್ನು ನಿಮಗೇನು ಹೇಳ್ತಾರೆ ಅಂದ್ರು. ಮಕ್ಕಳು ನಕ್ಕವು. ವರ್ಷವೆಲ್ಲ ನಗ್ತಾನೇ ಇದ್ದವು. ಅವತ್ತೇ ಶಪಥ ಮಾಡಿದೆ ಕಣಮ್ಮ."

ಆ ಹಳೇ 'ಗೊತ್ತಿಲ್ಲ'ಕ್ಕೆ ಈ ಬಿಕ್ಕಳಿಕೆ ನಿಲ್ಲಲಿಲ್ಲ. ಹೇಳುವಾಗ ಅವರ ಕಣ್ಣಲ್ಲಿ ನೀರು ಬಂದಿತ್ತು. ಬಿಕ್ಕಿದ್ದಕ್ಕೋ ಬೇರೆಯದಕ್ಕೋ ನಾನು ಹೇಳಲಾರೆ. ಕಾಗದ ಕೊಡಲು ಮನಸ್ಸು ಬರಲಿಲ್ಲ. ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದುಬಂದೆ.

ಶಾಲೆಯನ್ನು ಕಂಡಾಗ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ರಸ್ತೆಯ ಕಡೆಯ ಗೋಡೆ. ಉದ್ದಕ್ಕೂ ಕಪ್ಪು ಬಳಿದಿತ್ತು. ಆ ತುದಿಯಿಂದ ಈ ತುದಿಯವರೆಗೆ ಸೀಮೆಸುಣ್ಣದ ಅಕ್ಷರ. ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲದ ಪ್ರಶ್ನೆಗಳನ್ನು ತಾರೀಖು ಹಾಕಿ ಅಲ್ಲಿ ಬರೆದಿಡುತ್ತಾರೆ. ದಾರಿಯಲ್ಲಿ ಹೋಗುವವರಲ್ಲಿ ಯಾರಿಗಾದರೂ ಗೊತ್ತಿದ್ದರೆ ಒಳಗೆ ಬಂದು ಹೇಳಬೇಕು. ಇರುವೆಗೆ ನೆಗಡಿ ಆಗುತ್ತಾ? ಕುರುಡರ ಕನಸಲ್ಲಿ ಏನಿರುತ್ತೆ? ಹುಣಸೆಹಣ್ಣು ಅಂದ್ರೆ ಬಾಯಲ್ಲಿ ನೀರು ಯಾಕೆ ಬರುತ್ತೆ? ಹೆಡ್ ಮೇಷ್ಟ್ರು ಇಮಾಮ್ ಸಾಬರು ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದರು. ಸಣ್ಣ ಆಳು, ಕುರುಚಲು ಗಡ್ಡ, ಕಿವಿಯಲ್ಲೊಂದು ಪೆನ್ಸಿಲ್. "ನಮ್ಮಲ್ಲೊಂದು ಪದ್ಧತಿ ಇದೆ. ಬಂದೋರು ಮೊದಲು ತಮಗೆ ನಿಜವಾಗ್ಲೂ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಬೇಕು. ತಮ್ಮ ಮೇಷ್ಟ್ರಿಗೇ ಕೇಳಬೇಕು. ಅವರಿಗೆ ಗೊತ್ತಿದ್ರೆ ಹೇಳ್ತಾರೆ, ಇಲ್ದಿದ್ರೆ ಗೋಡೆಗೆ ಹೋಗುತ್ತೆ. ಎಲ್ಲರೂ ಬೇಡ, ಒಬ್ಬರು ಸಾಕು" ಎಂದು ನಮ್ಮ ಮುಖಗಳನ್ನು ನೋಡಿದರು. ಪೆನ್ಸಿಲ್ ತೆಗೆದು ನನ್ನ ಕಡೆ ತೋರಿಸಿದರು. "ನೀವು ಕೇಳಿ ತಾಯಿ. ಬೆಳಗಿಂದ ಬಾಯಿ ಬಿಡದೇ ಇರೋ ಹಾಗೆ ಕಾಣ್ತೀರಿ."

ದೊಡ್ಡ ಹಾಲ್‌ನಲ್ಲಿ ನೂರು ಮಕ್ಕಳು ಚಾಪೆಯ ಮೇಲೆ ಕೂತಿದ್ದವು. ಒಂದು ಕಡೆ ನಾವು, ಎದುರಿಗೆ ಕುರ್ಚಿಯಲ್ಲಿ ಬಿಕ್ಕುತ್ತಾ ಮೇಷ್ಟ್ರು. ಬೇರೆ ಯಾವುದಾದರೂ ಸುಲಭದ ಪ್ರಶ್ನೆ ಕೇಳಿ ಅವರ ಮಾನ ಉಳಿಸೋಣ ಎಂದು ಎಷ್ಟು ಹುಡುಕಿದರೂ ತಲೆಯಲ್ಲಿ ಇದ್ದದ್ದು ಒಂದೇ ಒಂದು. ತಿಂಗಳಿಂದ ಹಗಲೂ ರಾತ್ರಿ ಅದೇ. "ಸಾರ್" ಎಂದೆ. "ಮೋಡ ಅಷ್ಟೊಂದು ನೀರು ಹೊತ್ಕೊಂಡಿದ್ರೂ ಯಾಕೆ ಬೀಳಲ್ಲ?"

ನಾನೂ ತಿಪ್ಪೇಶಿಯ ಪಂಗಡಕ್ಕೆ ಸೇರಿದೆನೇನೋ ಎಂಬಂತೆ ಮೇಷ್ಟ್ರು ನನ್ನನ್ನು ನೋಡಿದರು. ಆಮೇಲೆ ನನ್ನ ಮುಖದಲ್ಲಿ ಏನು ಕಂಡಿತೋ, ಅವರ ಹುಬ್ಬು ಸಡಿಲವಾಯಿತು. ಬಾಯಿ ತೆರೆದರು. ಎಂದಿನಂತೆ ಬಲಗೈ ಮೇಲೆ ಹೋಯಿತು, ರಾಜರ ಕಥೆ ಹೇಳುವಾಗ ಹೋಗುವ ಹಾಗೆ. ಒಂದು ಬಿಕ್ಕು ಬಂತು. ಕೈ ನಿಧಾನವಾಗಿ ಕೆಳಗಿಳಿದು ತೊಡೆಯ ಮೇಲೆ ಕೂತಿತು.

"ಗೊತ್ತಿಲ್ಲ" ಎಂದರು ಪಂಚಾಕ್ಷರಪ್ಪ ಮೇಷ್ಟ್ರು.

ಬಿಕ್ಕಳಿಕೆ ನಿಂತಿತು. ಆರು ಗಂಟೆ ಕಾಲ ಅಲ್ಲಾಡುತ್ತಿದ್ದ ಕೋಟಿನ ಗುಂಡಿಗಳು ನಿಂತವು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಮಕ್ಕಳು ನಗುವುದನ್ನು ಕಾಯುತ್ತಿದ್ದರು. ಅದು ನನಗೆ ಚೆನ್ನಾಗಿ ಕಾಣುತ್ತಿತ್ತು. ಮಕ್ಕಳು ನಗಲಿಲ್ಲ. ನಗುವುದಕ್ಕೆ ಅಲ್ಲೇನಿತ್ತು? ಎರಡು ಜಡೆಯ ಒಂದು ಹುಡುಗಿ ಎದ್ದು ನನ್ನ ಹೆಸರು ಕೇಳಿಕೊಂಡು ಹೊರಗೆ ಹೋಗಿ ಗೋಡೆಯ ಮೇಲೆ, 'ಮೋಡ ಯಾಕೆ ಬೀಳಲ್ಲ. ಚೆನ್ನಾಜಿ ಮಿಸ್‌ಗೂ ಗೊತ್ತಿಲ್ಲ, ಅವರ ಮೇಷ್ಟ್ರಿಗೂ ಗೊತ್ತಿಲ್ಲ' ಎಂದು ದುಂಡಗೆ ಬರೆದು ಕೈ ಝಾಡಿಸಿಕೊಂಡು ಬಂದು ಕೂತಳು. ಇಮಾಮ್ ಸಾಬರು, "ಸರಿ, ಮುಂದಕ್ಕೆ" ಎಂದರು. ಅಷ್ಟೇ ಆದದ್ದು.

ಮೇಷ್ಟ್ರು ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. "ನಾನು ನಿಮ್ಮ ಗೋಡೆ ಸ್ವಲ್ಪ ನೋಡಬಹುದೇ?" ಎಂದು ಕೇಳಿದರು. ನಾವೆಲ್ಲ ಅವರ ಹಿಂದೆ ಹೋದೆವು. ಇರುವೆಯನ್ನು ದಾಟಿದರು, ಹುಣಸೆಹಣ್ಣನ್ನು ದಾಟಿದರು. ಒಂದು ಕಡೆ ಗಕ್ಕನೆ ನಿಂತರು. ಹನ್ನೊಂದು ತಿಂಗಳಿಂದ ಹಾಗೇ ಉಳಿದಿದ್ದ ಪ್ರಶ್ನೆ. ಆ ಊರಿನವರು ಹೊರಗೆ ಹೋಗುವುದು ಕಡಿಮೆ. 'ಬಸ್ಸಿನಲ್ಲಿ ಕೂತರೆ ವಾಂತಿ ಬರುತ್ತದೆ. ಬರದ ಹಾಗೆ ಏನು ಮಾಡಬೇಕು?'

"ಇದು ನನಗೆ ಗೊತ್ತು" ಎಂದರು ಮೇಷ್ಟ್ರು. ಎಂದವರು ಅಭ್ಯಾಸದಂತೆ ಎದೆ ಹಿಡಿದುಕೊಂಡರು. ಏನೂ ಬರಲಿಲ್ಲ.

ಆಮೇಲೆ ಅವರು ಕಾಲು ಗಂಟೆ ಮಾತಾಡಿದರು. ಅಂಥ ಪಾಠವನ್ನು ನಾನು ಅವರ ಬಾಯಿಂದ ಅದುವರೆಗೆ ಕೇಳಿರಲಿಲ್ಲ. ಚಕ್ರದ ಮೇಲಿನ ಸೀಟು ಬೇಡ, ಕೊನೆಯ ಸೀಟಂತೂ ಬೇಡವೇ ಬೇಡ, ಮಧ್ಯದಲ್ಲಿ ಕಿಟಕಿಯ ಪಕ್ಕ ಕೂರಬೇಕು. ಪಕ್ಕದಲ್ಲಿ ಓಡುವ ಮರ ನೋಡಬಾರದು, ದೂರದ ಗುಡ್ಡ ನೋಡಬೇಕು. ಪೂರಿ ತಿಂದು ಹತ್ತಬಾರದು, ಹಸಿದುಕೊಂಡೂ ಹತ್ತಬಾರದು. ನಿಂಬೆಹಣ್ಣನ್ನು ಉಗುರಿನಿಂದ ಗೀರಿ ಮೂಸಬೇಕು. ಒಬ್ಬರಿಗೆ ಬಂದರೆ ಮೊದಲು ಪಕ್ಕದವರನ್ನು ಎಬ್ಬಿಸಬೇಕು, ಇಲ್ಲದಿದ್ದರೆ ಅವರಿಗೂ ಶುರುವಾಗುತ್ತದೆ. ವಾಂತಿ ಮಾಡಿದ ಮಗುವನ್ನು ಬೈಯಬಾರದು, ಅದು ಮೊದಲೇ ನಾಚಿಕೊಂಡಿರುತ್ತದೆ. ಇಪ್ಪತ್ತೆಂಟು ವರ್ಷದಲ್ಲಿ ಯಾವ ವರ್ಷ ಯಾವ ತಿರುವಿನಲ್ಲಿ ಯಾರಿಗೆ ಬಂತು, ಅವರನ್ನು ಹೇಗೆ ಸಮಾಧಾನ ಮಾಡಿದೆ ಎಂದು ಹೆಸರು ಹಿಡಿದು ಹೇಳಿದರು. ಒಂದೇ ಒಂದು ಬಿಕ್ಕು ಇಲ್ಲ. ಮಕ್ಕಳು ಬಾಯಿ ತೆರೆದುಕೊಂಡು ಕೇಳಿದವು. ಇಮಾಮ್ ಸಾಬರು ಕಿವಿಯ ಪೆನ್ಸಿಲ್ ತೆಗೆದು ಬರೆದುಕೊಂಡರು. ಕೊನೆಗೆ ಎರಡು ಜಡೆಯ ಹುಡುಗಿ ಆ ಪ್ರಶ್ನೆಯನ್ನು ಗೋಡೆಯಿಂದ ಒರೆಸಿದಳು. ಮೇಷ್ಟ್ರು ಕೋಟು ಸರಿಮಾಡಿಕೊಂಡು ಅದನ್ನು ನೋಡುತ್ತಾ ನಿಂತರು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಕಾಲು ಮುಟ್ಟೋಣ ಅನ್ನಿಸಿತು.

ಐದು ಗಂಟೆಗೆ ಬಸ್ಸಿನಲ್ಲಿ ತಲೆ ಎಣಿಸಿದರು. ಮೂವತ್ತೊಂದು. "ತಿಪ್ಪೇಶಿ, ಹಿಂದಿನ ಸೀಟು ಬೇಡ ಕಣೋ" ಎಂದರು. "ನಂಗೇನಾಗಲ್ಲ ಸಾರ್" ಎಂದ ತಿಪ್ಪೇಶಿ. ಅವನಿಗೆ ಕೂಡಲೇ ಬಿಕ್ಕಳಿಕೆ ಬಂತು. "ಗೊತ್ತಿಲ್ಲ, ಗೊತ್ತಿಲ್ಲ" ಎಂದು ಅದನ್ನು ನಿಲ್ಲಿಸಿಕೊಂಡು ಕೊನೆಯ ಸೀಟಿನಲ್ಲೇ ಕೂತ. ನಾನು ಹೋಗಿ ಮೇಷ್ಟ್ರ ಪಕ್ಕದಲ್ಲಿ ಕೂತೆ. ಗಡಿ ದಾಟುವ ಮುಂಚೆ ಕೇಳಬೇಕಿತ್ತು. ದಾಟಿದ ಮೇಲೆ ಅವರು ಏನು ಹೇಳಿದರೂ ನನಗೆ ನಂಬಿಕೆ ಬರುತ್ತಿರಲಿಲ್ಲ.

"ಸಾರ್, ನಮ್ಮ ಮಾವನ ಅಂಗಡೀಲಿ ಒಂದು ಮಾತು ಹೇಳಿದ್ರಿ, ನೆನಪಿದ್ಯಾ? ನಾನು ಒಳ್ಳೇ ಟೀಚರ್ ಆಗ್ತೀನಿ ಅಂತ. ಅದನ್ನ ಈಗ ಇನ್ನೊಂದು ಸಲ ಹೇಳಿ ಸಾರ್."

ಮೇಷ್ಟ್ರು ಕೊಡೆಯನ್ನು ಕಾಲ ನಡುವೆ ನಿಲ್ಲಿಸಿಕೊಂಡರು. "ಅದು ನನಗೆ ಗೊತ್ತಿಲ್ಲಮ್ಮ" ಎಂದರು.

"ಮತ್ತೆ ಅವತ್ತು ಯಾಕೆ ಹೇಳಿದ್ರಿ?"

"ಗೊತ್ತಿಲ್ಲ ಅಂದಿದ್ರೆ ನಿಮ್ಮ ಮಾವ ಕಳಿಸ್ತಿದ್ನೇ?"

ನನಗೆ ಮೈಯೆಲ್ಲ ಉರಿಯಿತು. ಎರಡು ವರ್ಷ ನಾನು ತಬ್ಬಿಕೊಂಡು ಮಲಗಿದ್ದ ಮಾತು ಅದು. ಅದರ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಕಾಗದ ತೆಗೆದು ಅವರ ಕೈಗೆ ತುರುಕಿದೆ. ಅವರು ಬಿಡಿಸಿ ಓದತೊಡಗಿದರು. ಓದಿ ಮುಗಿಸುವ ತನಕ ಕಾಯುವ ತಾಳ್ಮೆಯೂ ನನಗಿರಲಿಲ್ಲ. "ನನ್ನಿಂದ ಆಗಲ್ಲ ಸಾರ್. ಸೋಮವಾರ ಹೋದ್ರೂ ಅದೇ ಆಗೋದು. ನಾನು ಯಾವತ್ತೂ ಟೀಚರ್ ಆಗಲ್ಲ. ಬೇರೆ ಏನು ಗೊತ್ತಿಲ್ದಿದ್ರೂ ಇದೊಂದು ಮಾತ್ರ ನಂಗೆ ಚೆನ್ನಾಗಿ ಗೊತ್ತು" ಎಂದೆ.

ಎಂದವಳು ಬಿಕ್ಕಿದೆ.

ಬಸ್ಸಿನಲ್ಲಿದ್ದ ಮೂವತ್ತು ತಲೆಗಳು ನನ್ನ ಕಡೆ ತಿರುಗಿದವು. ಕೆಮ್ಮಿದ ಹಾಗೆ ಮಾಡಿದೆ. ಮತ್ತೆ ಬಿಕ್ಕಿದೆ, ಸೀಟಿನಿಂದ ಒಂದು ಗೇಣು ಎದ್ದು ಕೂತೆ. ಅಳುತ್ತಿದ್ದೇನೆ ಎಂದು ಎಲ್ಲರೂ ತಿಳಿದುಕೊಳ್ಳಲಿ ಎಂದು ಅಳು ತಂದುಕೊಂಡೆ. ಅಳು ಬಂತು, ಬಿಕ್ಕಳಿಕೆಯೂ ಬಂತು. ಡ್ರೈವರ್ ಈರಣ್ಣ ಗಡಿಕಲ್ಲಿಗೆ ಇನ್ನೂ ಹತ್ತು ಮಾರು ಇರುವಾಗಲೇ ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದ. "ಯಾರಮ್ಮ ಅದು? ಮುಗಿಸ್ಕೊಳ್ಳಿ. ನಾನು ದಾಟಲ್ಲ" ಎಂದು ಸ್ಟಿಯರಿಂಗ್ ಮೇಲೆ ಕೈ ಕಟ್ಟಿ ಕೂತ.

ಪಂಚಾಕ್ಷರಪ್ಪ ಮೇಷ್ಟ್ರು ನಗುತ್ತಿದ್ದರು. ಶಬ್ದವಿಲ್ಲದ ನಗು, ಹೊಟ್ಟೆ ಕುಣಿಯುತ್ತಿತ್ತು. "ಗೊತ್ತು ಅಂದೆಯಲ್ಲಮ್ಮ" ಎಂದರು. "ನೋಡು, ನಿನಗೆ ಗೊತ್ತಿಲ್ಲವಂತೆ."

ನಾನು ಹಲ್ಲು ಕಚ್ಚಿಕೊಂಡು ಕೂತೆ. ಮೂರು ನಿಮಿಷ, ನಾಲ್ಕು ನಿಮಿಷ. ಬೆಳಿಗ್ಗೆಯಿಂದ ಮೇಷ್ಟ್ರಿಗೆ ಯಾಕೆ ಇಷ್ಟು ಹಟ ಎಂದುಕೊಂಡಿದ್ದೆನಲ್ಲ, ಆ ಹಟದ ರುಚಿ ಆಗ ಗೊತ್ತಾಯಿತು. ಆಗಲ್ಲ ಎನ್ನುವುದು ಎಷ್ಟು ಆರಾಮದ ಮಾತು. ಬರೆದು ಮಡಚಿ ಅವಲಕ್ಕಿ ಡಬ್ಬಿಯ ಕೆಳಗೆ ಇಟ್ಟುಕೊಂಡುಬಿಡಬಹುದು. ಕೊನೆಗೆ ಪಕ್ಕೆ ನೋಯತೊಡಗಿತು. "ನಾನು ಟೀಚರ್ ಆಗ್ತೀನೋ ಇಲ್ವೋ" ಎಂದೆ, ಬಿಕ್ಕಿದೆ, "ಗೊತ್ತಿಲ್ಲ" ಎಂದೆ.

ನಿಂತಿತು. ಎದೆಯೊಳಗೆ ಕಿಟಕಿ ತೆಗೆದ ಹಾಗಾಯಿತು. ಈರಣ್ಣ ಇಂಜಿನ್ ಶುರುಮಾಡಿದ. ಮೇಷ್ಟ್ರು ಕಾಗದವನ್ನು ಇದ್ದ ಹಾಗೇ ಮಡಚಿ ನನ್ನ ಕೈಯಲ್ಲಿಟ್ಟರು. "ಇದು ನಿನ್ನ ಹತ್ರಾನೇ ಇರಲಿ. ಗಡಿ ದಾಟೋದ್ರೊಳಗೆ ಒಂದು ಕೇಳ್ತೀನಿ. ಆಗ್ತೀಯೋ ಇಲ್ವೋ ಆಮೇಲಿನ ಮಾತು. ಸೋಮವಾರ ಹತ್ತೂವರೆಗೆ ಪಾಠ ಮಾಡ್ತೀಯಾ?"

ನಾನು ಮೋಡವನ್ನು ನೆನೆಸಿಕೊಂಡೆ, ನಲವತ್ತು ಮಕ್ಕಳನ್ನು ನೆನೆಸಿಕೊಂಡೆ. ಆ ಕರಿ ಗೋಡೆಯ ಮೇಲೆ ನನ್ನ ಹೆಸರಿನ ಮುಂದೆ ಬರೆದಿದ್ದ 'ಮಿಸ್' ಎಂಬ ಅಕ್ಷರವನ್ನೂ ನೆನೆಸಿಕೊಂಡೆ. "ಮಾಡ್ತೀನಿ ಸಾರ್" ಎಂದೆ. ಎಂದು ಆ ಟೈಲರಿನ ಹಾಗೆ ಬಾಯಿ ಮುಚ್ಚಿಕೊಂಡು ಕಾದೆ. ಬಸ್ಸಿಗೆ ಬಸ್ಸೇ ಕಾಯಿತು. ಗಡಿಕಲ್ಲು ಎಡಗಡೆಯ ಕಿಟಕಿಯಲ್ಲಿ ಬಂತು, ಹಿಂದಕ್ಕೆ ಸರಿಯಿತು. ಬಿಕ್ಕಳಿಕೆ ಬರಲಿಲ್ಲ.

"ಸಾರ್, ಸುಳ್ಳಿಗೆ ಬಿಕ್ಕಳಿಕೆ ಬರಲ್ವಂತೆ ಸಾರ್" ಎಂದು ಕೊನೆಯ ಸೀಟಿನಿಂದ ತಿಪ್ಪೇಶಿ ಕೂಗಿದ. ಆ ಮುಂಡೇದಕ್ಕೆ ಹನುಮಕ್ಕನ ಮಾತು ಯಾವಾಗ ಕಿವಿಗೆ ಬಿದ್ದಿತ್ತೋ. ನನಗೆ ಸಿಟ್ಟು ನೆತ್ತಿಗೇರಿ ಎದ್ದುನಿಂತೆ. ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ಹೊರಳಿತು. ತಿಪ್ಪೇಶಿಯ ಮುಖದ ಬಣ್ಣ ಬದಲಾಯಿತು, ಎರಡು ಕೈಯೂ ಬಾಯಿಗೆ ಹೋದವು.

ಮೇಷ್ಟ್ರು ಆಗಲೇ ಎದ್ದಾಗಿತ್ತು. ಒಂದು ಕೈಯಲ್ಲಿ ಅವನ ಪಕ್ಕದವನನ್ನು ಎಬ್ಬಿಸುತ್ತಾ, ಇನ್ನೊಂದನ್ನು ಹಿಂದಕ್ಕೆ ಚಾಚಿ, "ಪೇಪರ್, ಪೇಪರ್, ಯಾರ ಹತ್ರ ಇದೆ, ಬೇಗ" ಎಂದರು. ಒಳ್ಳೇ ದಪ್ಪ ಹಾಳೆ, ಎರಡು ಪುಟ. ಪೊಟ್ಟಣ ಕಟ್ಟಲು ಹೇಳಿಮಾಡಿಸಿದ ಹಾಗಿತ್ತು. ನಾನು ಕೈಯಲ್ಲಿದ್ದ ಕಾಗದವನ್ನು ಕೊಟ್ಟೆ.